ಎರಡು ಪೆಂಗ್ವಿನ್‌ಗಳ ಆ ಆಟದ ಹೆಸರೇನು? ನಿಮ್ಮ ಮೊದಲ ವಿಡಿಯೋ ಗೇಮ್ ಯಾವುದು?

ತುಂಗಾತೀರ
ಒಂದು ಆಟದ ಹೆಸರು ಬೇಕಾಗಿದೆ. ತೊಂಬತ್ತರ ದಶಕದ ನಡುವಿನ ಮಾತು, ಊರು ಶಿವಮೊಗ್ಗ. ನಮ್ಮ ಬೀದಿಯ ವಿಡಿಯೋ ಲೈಬ್ರರಿಯವರು ವಿಸಿಆರ್ ಜೊತೆಗೆ ಟಿವಿಗೆ ಹಾಕುವ ವಿಡಿಯೋ ಗೇಮನ್ನೂ ದಿನದ ಬಾಡಿಗೆಗೆ ಕೊಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಅಪ್ಪನನ್ನು ಕಾಡಿ ಬೇಡಿ ಒಂದು ಶನಿವಾರ ತಂದೆವು. ಹಳದಿ ಕ್ಯಾಸೆಟ್. ಮೇಲೆ ಮಾರಿಯೋ ಚಿತ್ರ, ಒಳಗೆ ಮಾರಿಯೋ ಒಂದನ್ನು ಬಿಟ್ಟು ಮಿಕ್ಕೆಲ್ಲವೂ!

ಅದರಲ್ಲೊಂದು ಆಟ. ಪರದೆಯ ನಡುವೆ ಗೋಡೆ, ಆಚೆ ಈಚೆ ಒಂದೊಂದು ಪೆಂಗ್ವಿನ್. ರಿಮೋಟಿನಲ್ಲಿ ಎಡಕ್ಕೆ ಒತ್ತಿದರೆ ಒಂದು ಎಡಕ್ಕೆ ಹೋಗುತ್ತದೆ, ಇನ್ನೊಂದು ಬಲಕ್ಕೆ. ಒಂದು ಕಡೆ ದಾರಿ ತೆರೆದಿದ್ದರೆ ಇನ್ನೊಂದು ಕಡೆ ಜೇಡರ ಬಲೆ. ನಾನು ಎಡಗಡೆಯದನ್ನು ನೋಡಿಕೊಂಡು ಆಡುವುದು, ಅಕ್ಕ ಬಲಗಡೆಯದನ್ನು ಕಾಯುತ್ತ "ನಿಲ್ಲು, ನಿಲ್ಲು, ಜೇಡ!" ಎಂದು ಕಿರುಚುವುದು. ಪಟ್ಟಿಯಲ್ಲಿ ಹೆಸರು ಏನಿತ್ತೆಂದು ನಾವು ಓದುತ್ತಲೇ ಇರಲಿಲ್ಲ, ಸಂಖ್ಯೆ ನೋಡಿ ಒತ್ತುತ್ತಿದ್ದೆವು.

ಅಕ್ಕ ದೀಪಾವಳಿಗೆ ಬರುತ್ತಿದ್ದಾಳೆ. ಅಷ್ಟರೊಳಗೆ ಹುಡುಕಬೇಕು. ಜೊತೆಗೆ ಇನ್ನೊಂದು ಪ್ರಶ್ನೆ: ಟಿವಿಯೊಳಗಿನ ಗೊಂಬೆ ಮೊದಲ ಬಾರಿಗೆ ನಿಮ್ಮ ಬೆರಳಿನ ಮಾತು ಕೇಳಿದ್ದು ಯಾವ ಆಟದಲ್ಲಿ?

ಬೆಣ್ಣೆದೋಸೆ
ಐಸ್ ಕ್ಲೈಂಬರ್. ಸಂಶಯವೇ ಬೇಡ.

ಶಾಲೆಬಿಟ್ಟಮೇಲೆ
ಐಸ್ ಕ್ಲೈಂಬರ್‌ನಲ್ಲಿ ಪೆಂಗ್ವಿನ್ ಎಲ್ಲಿದೆ ಸ್ವಾಮಿ? ಸುತ್ತಿಗೆ ಹಿಡಿದು ಮಂಜುಗಡ್ಡೆ ಒಡೆಯುತ್ತ ಮೇಲಕ್ಕೆ ಹಾರುವ ಇಬ್ಬರು ಮಕ್ಕಳ ಆಟ ಅದು. ನೀಲಿ ಅಂಗಿಯವನು ಪೋಪೋ, ಗುಲಾಬಿ ಅಂಗಿಯವಳು ನಾನಾ. ಪೆಂಗ್ವಿನ್ ಬೇಕೆಂದರೆ ಕೊನಾಮಿ ಕಂಪನಿಯ ಅಂಟಾರ್ಕ್ಟಿಕ್ ಅಡ್ವೆಂಚರ್ ಇದೆ, 1983ರದ್ದು.

ತುಂಗಾತೀರ
ಅದೂ ಅಲ್ಲ. ಅದರಲ್ಲಿ ಒಂದೇ ಪೆಂಗ್ವಿನ್, ಹಿಮದ ಮೇಲೆ ಓಡುತ್ತಲೇ ಇರುತ್ತದೆ. ನನ್ನದರಲ್ಲಿ ಜೋಡಿ ಇತ್ತು, ಮೇಲೆ ನಡುವಿನಲ್ಲಿ ಒಂದು ಹೃದಯ ಇತ್ತು.

ಮಂಡಿಪೇಟೆ
ಹೆಸರು ಗೊತ್ತಿಲ್ಲ, ಎರಡನೆಯ ಪ್ರಶ್ನೆಗೆ ಉತ್ತರ ಇದೆ. ದಾವಣಗೆರೆ. ಚಿಕ್ಕಪ್ಪನ ಮನೆ. ಕಾಂಟ್ರಾ.

ನಾನೂ ಚಿಕ್ಕಪ್ಪನ ಮಗನೂ ಒಂದೊಂದು ರಿಮೋಟ್ ಹಿಡಿದು ಕುಳಿತೆವು. ಅವನಿಗೆ ಆಗಲೇ ಪಳಗಿದ ಕೈ. ನನಗೆ ಹಾರುವುದು ಯಾವ ಗುಂಡಿ, ಗುಂಡು ಹೊಡೆಯುವುದು ಯಾವ ಗುಂಡಿ ಎಂಬುದೇ ತಿಳಿಯದು. ಮೊದಲ ಸ್ಟೇಜಿನಲ್ಲಿ ನಾನು ಸೇತುವೆ ದಾಟುವಾಗ ಅದು ಕಾಲ ಕೆಳಗೆ ತುಂಡು ತುಂಡಾಗಿ ಸಿಡಿಯತೊಡಗಿತು. ಎದ್ದು ನಿಂತು ಹಿಂದಕ್ಕೆ ಸರಿದುಬಿಟ್ಟೆ, ಆಟದಲ್ಲಿ ಅಲ್ಲ, ಕೋಣೆಯಲ್ಲಿ. ರಿಮೋಟಿನ ವೈರು ಬಿಗಿದು ಇಡೀ ಪೆಟ್ಟಿಗೆ ಸ್ಟೂಲಿನಿಂದ ಕೆಳಗೆ ಬಿತ್ತು. ಚಿಕ್ಕಮ್ಮ ಒಳಗಿನಿಂದ ಬಂದು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದರೆ ನಿಜವಾದ ಜಗಳ ಮೂರನೆಯ ಸ್ಟೇಜಿನದು. ಜಲಪಾತ. ಒಬ್ಬನು ಬೇಗ ಬೇಗ ಮೇಲಕ್ಕೆ ಹಾರಿದರೆ ಪರದೆಯೂ ಅವನ ಜೊತೆ ಮೇಲೆ ಸರಿಯುತ್ತದೆ, ಕೆಳಗೆ ಉಳಿದವನು ಶತ್ರುವೇ ಇಲ್ಲದೆ ಸಾಯುತ್ತಾನೆ. ಅವನು ಬೇಕೆಂದೇ ಹಾಗೆ ಮಾಡುತ್ತಿದ್ದ. ಈಗ ಅವನು ಚಾರ್ಟರ್ಡ್ ಅಕೌಂಟೆಂಟ್, ನನ್ನ ತೆರಿಗೆ ಲೆಕ್ಕವನ್ನೂ ಅವನೇ ನೋಡುತ್ತಾನೆ. ನಂಬಿಕೆ ಮಾತ್ರ ಪೂರ್ತಿ ಬಂದಿಲ್ಲ.

ರಾತ್ರಿಪಾಳಿ
ಕಾಂಟ್ರಾ ಶುರುವಾಗುವ ಮೊದಲು ಒತ್ತುವ ಗುಟ್ಟು: ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಸೆಲೆಕ್ಟ್ ಸ್ಟಾರ್ಟ್. ಮೂವತ್ತು ಲೈಫ್. ಗುಣಾಕಾರದ ಮಗ್ಗಿ ಮರೆತಿದ್ದೇನೆ, ಇದನ್ನು ಮರೆತಿಲ್ಲ.

ಶಾಲೆಬಿಟ್ಟಮೇಲೆ
ಸೆಲೆಕ್ಟ್ ಆ ಗುಟ್ಟಿನ ಭಾಗವೇ ಅಲ್ಲ. ಬಿ ಎ ಅಲ್ಲಿಗೆ ಮುಗಿಯಿತು. ಇಬ್ಬರು ಆಡುವುದಾದರೆ ಎರಡನೆಯ ಸಾಲಿಗೆ ಇಳಿಯಲು ಸೆಲೆಕ್ಟ್ ಒತ್ತಬೇಕು, ಒಬ್ಬನೇ ಆದರೆ ನೇರ ಸ್ಟಾರ್ಟ್. ಎಲ್ಲರೂ ಅಣ್ಣತಮ್ಮಂದಿರ ಜೊತೆ ಆಡಿ ಸೆಲೆಕ್ಟನ್ನೂ ಸೇರಿಸಿಕೊಂಡಿದ್ದಾರೆ.

ಅದು ಮೊದಲು ಬಂದದ್ದು ಕಾಂಟ್ರಾದಲ್ಲಿಯೂ ಅಲ್ಲ. ಕೊನಾಮಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ, ಪರೀಕ್ಷಿಸಿ ನೋಡಲು ತಮಗೇ ಕಷ್ಟವಾಗುತ್ತಿದೆ ಎಂದು ಸೇರಿಸಿಕೊಂಡ ಗುಟ್ಟು ಅದು. 2020ರಲ್ಲಿ ಅವರು ತೀರಿಕೊಂಡರು.

ರಾತ್ರಿಪಾಳಿ
ಇಷ್ಟೆಲ್ಲ ತಿಳಿದವರು ಗುಟ್ಟಿಲ್ಲದೆ ಕಾಂಟ್ರಾ ಮುಗಿಸಿದ್ದೀರಾ ಹೇಳಿ, ಆಮೇಲೆ ಮಾತನಾಡೋಣ.

ಸಾಗರದವಳು
ನಾನು ಮುಗಿಸಿದ್ದೇನೆ. ಒಂದೇ ಸಲ ಹಲವು ಗುಂಡು ಹಾರಿಸುವ 'ಎಸ್' ಬಂದೂಕು ಕಳೆದುಕೊಳ್ಳದಿದ್ದರೆ ಸಾಕು, ಎಂಟೂ ಸ್ಟೇಜ್ ದಾಟಬಹುದು. ಅಂದ ಹಾಗೆ, ಈ ಚರ್ಚೆಯಲ್ಲಿ ಹೆಣ್ಣುಮಕ್ಕಳು ಇದುವರೆಗೆ ಜೇಡ ನೋಡಿ ಕಿರುಚುವುದಕ್ಕೂ ಒಳಗಿನಿಂದ ಬಂದು ದುರುಗುಟ್ಟುವುದಕ್ಕೂ ಮಾತ್ರ ಇದ್ದಾರೆ. ಗಮನಕ್ಕಿರಲಿ.

ತುಂಗಾತೀರ
ಅಕ್ಕನ ಹತ್ತಿರ ಇದನ್ನು ತೋರಿಸುವುದಿಲ್ಲ.

ಕುಂದಾಪುರದವ
ನೀವೆಲ್ಲ ತಡವಾಗಿ ಬಂದವರು. ನಮ್ಮ ಸೋದರಮಾವ ಮಸ್ಕತ್‌ನಲ್ಲಿದ್ದರು. ಎಂಬತ್ತರ ದಶಕದ ಕೊನೆಗೆ ರಜೆಯಲ್ಲಿ ಬರುವಾಗ ಸೆಂಟು, ಟಾರ್ಚು, ಹಾಲಿನ ಪುಡಿಯ ಜೊತೆ ಅಟಾರಿ ಎಂಬ ವಿಡಿಯೋ ಗೇಮ್ ಯಂತ್ರ ತಂದರು. ಮುಂದೆ ಮರದ ಬಣ್ಣದ ಪಟ್ಟಿ, ಒಂದು ಕಡ್ಡಿಯ ಜಾಯ್‌ಸ್ಟಿಕ್, ಒಂದೇ ಕೆಂಪು ಗುಂಡಿ. ಆಟ ರಿವರ್ ರೇಡ್. ನದಿಯ ಮೇಲೆ ವಿಮಾನ ಹಾರಿಸುವುದು, ಸೇತುವೆ ಒಡೆಯುವುದು, ಪೆಟ್ರೋಲ್ ಮುಗಿಯುವ ಮೊದಲು ಪಂಪಿನ ಮೇಲೆ ಹಾದುಹೋಗುವುದು. ಪೆಟ್ರೋಲ್ ತುಂಬುವಾಗ 'ಟುಂಯ್ ಟುಂಯ್' ಎಂದು ಏರುವ ಸದ್ದಿಗೆ ಅಜ್ಜಿಯೂ ಜಪ ನಿಲ್ಲಿಸಿ ತಿರುಗಿ ನೋಡುತ್ತಿದ್ದರು ಮಾರಾಯರೇ.

ಸಾಗರದವಳು ಅವರಿಗೆ ಖುಷಿಯಾಗಬಹುದಾದ ವಿಷಯ: ಅದನ್ನು ಮಾಡಿದ್ದು ಕೆರೋಲ್ ಶಾ ಎಂಬ ಮಹಿಳೆ, 1982ರಲ್ಲಿ. ಇಡೀ ಆಟ 4 ಕಿಲೋಬೈಟ್. ಅಷ್ಟು ಉದ್ದದ ನದಿಯನ್ನು ಅದರೊಳಗೆ ಬರೆದಿಡಲು ಜಾಗವೇ ಇಲ್ಲ. ಆದ್ದರಿಂದ ನದಿಯನ್ನು ಲೆಕ್ಕದಿಂದಲೇ ಹುಟ್ಟಿಸುತ್ತ ಹೋಗುವಂತೆ ಮಾಡಿದರು. ಆದರೂ ಪ್ರತಿ ಸಲ ಅದೇ ನದಿ, ಅದೇ ತಿರುವು! ಇಂದು ಒಂದು ಸುಪ್ರಭಾತದ ಸಂದೇಶದ ಚಿತ್ರ ಇದರ ಎಷ್ಟೋ ಪಟ್ಟು ದೊಡ್ಡದು.

ಸಾಗರದವಳು
ಖುಷಿಯಾಯಿತು. ಇನ್ನು ನೀವು ಮಾತ್ರ ಕ್ಷೇಮ.

ಗುಬ್ಬಚ್ಚಿ
@ತುಂಗಾತೀರ, ಬೈನರಿ ಲ್ಯಾಂಡ್. ಹಡ್ಸನ್ ಕಂಪನಿಯದು, ಟಿವಿ ಯಂತ್ರಕ್ಕೆ ಬಂದದ್ದು 1985ರಲ್ಲಿ. ಗಂಡು ಗುರಿನ್, ಹೆಣ್ಣು ಮಾಲೋನ್. ಎರಡೂ ಒಟ್ಟಿಗೆ ಮೇಲಿನ ಹೃದಯದ ಎರಡು ಬದಿಗೆ ತಲುಪಬೇಕು. ಒಂದು ಬಲೆಗೆ ಸಿಕ್ಕಿಕೊಂಡರೆ ಇನ್ನೊಂದು ಹೋಗಿ ಬಿಡಿಸಬೇಕು.

ತುಂಗಾತೀರ
ಇದೇ! ಇದೇ! ಈಗ ಚಿತ್ರ ನೋಡಿದೆ. ಜೇಡಕ್ಕೆ ಏನನ್ನೋ ಸಿಂಪಡಿಸುತ್ತಿದ್ದುದು ಕೂಡ ಈಗ ನೆನಪಾಯಿತು. ಗುಬ್ಬಚ್ಚಿ ಅವರೇ, ನಿಮ್ಮ ಹೊಟ್ಟೆ ತಣ್ಣಗಿರಲಿ.

ಬೆಣ್ಣೆದೋಸೆ
ನಾನು ಹೇಳಿದ್ದರಲ್ಲಿಯೂ ಇಬ್ಬರಿದ್ದರು, ಐಸೂ ಇತ್ತು. ಹತ್ತಿರ ಬಂದಿದ್ದೆ.

ಧಾರವಾಡಪೇಡೆ
ಟಿವಿ ಗೇಮ್ ನಮ್ಮ ಮನೆಗೆ ಬರಲೇ ಇಲ್ಲ. "ಪಿಕ್ಚರ್ ಟ್ಯೂಬ್ ಸುಟ್ಟುಹೋಗುತ್ತದೆ" ಎಂದು ಅಪ್ಪನ ತೀರ್ಪು. ನನ್ನ ಮೊದಲ ಆಟ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ. ಚಪ್ಪಲಿ ಹೊರಗೆ, ಕೈತೊಳೆದು ಒಳಗೆ, ಕಂಪ್ಯೂಟರಿಗೆ ಪ್ಲಾಸ್ಟಿಕ್ ಹೊದಿಕೆ. ದೇವರ ಮನೆಗಿಂತ ಮಡಿ ಜಾಸ್ತಿ. ಮೇಷ್ಟ್ರು ಹೊರಗೆ ಹೋದ ಕೂಡಲೇ ಹಿರಿಯ ಹುಡುಗನೊಬ್ಬ ಜೇಬಿನಿಂದ ಫ್ಲಾಪಿ ತೆಗೆಯುತ್ತಿದ್ದ. ಡೇವ್. ಟ್ರೋಫಿ ಹಿಡಿದು ಬಾಗಿಲಿಗೆ ಓಡುವ ಆಟ.

ಅದೇ ಫ್ಲಾಪಿ ಪೆಟ್ಟಿಗೆಯಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಇತ್ತು. ಡೇವ್ ಆಡಿದವನಿಗೆ ಪ್ರಿನ್ಸ್ ನೋಡಿದರೆ ಏನಾಗುತ್ತದೆ ಎಂದು ಹೇಗೆ ಹೇಳುವುದು! ಅವನು ಗೊಂಬೆಯಲ್ಲ, ಮನುಷ್ಯ. ಓಡುವಾಗ ನಿಲ್ಲಿಸಿದರೆ ಎರಡು ಹೆಜ್ಜೆ ಜಾರಿ ನಿಲ್ಲುತ್ತಾನೆ. ಅಂಚು ಹಿಡಿದು ಜೋತಾಡುತ್ತಾನೆ. ಆಟ ಮಾಡಿದ ಜೋರ್ಡನ್ ಮೆಕ್ನರ್ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು ಅದರ ಮೇಲಿನಿಂದ ಚಿತ್ರ ಬಿಡಿಸಿದ್ದರಂತೆ, ಅದನ್ನು ತಿಳಿದದ್ದು ಆಮೇಲೆ. ಆಟ ಮೊದಲು ಬಂದದ್ದು 1989ರಲ್ಲಿ.

ನಾಲ್ಕನೆಯ ಸ್ಟೇಜಿನಲ್ಲಿ ದಾರಿಗೆ ಅಡ್ಡವಾಗಿ ಒಂದು ಕನ್ನಡಿ. ಓಡಿ ಬಂದು ಹಾರಿದರೆ ಕನ್ನಡಿಯ ಮೂಲಕವೇ ದಾಟುತ್ತೇವೆ, ನಮ್ಮದೇ ನೆರಳು ಹಿಂದಿನಿಂದ ಜಿಗಿದು ಓಡಿಹೋಗುತ್ತದೆ, ನಮ್ಮ ಲೈಫೆಲ್ಲ ಇಳಿದು ಒಂದಕ್ಕೆ ಬರುತ್ತದೆ. ಆ ದಿನ ಕಂಪ್ಯೂಟರ್ ಸುತ್ತ ನಿಂತಿದ್ದ ಹುಡುಗರೆಲ್ಲ ಒಂದೇ ಸಲ "ಓ" ಎಂದೆವು, ಮೇಷ್ಟ್ರು ಬಂದೇಬಿಟ್ಟರು. ಫ್ಲಾಪಿ ಜಪ್ತಿ. ಆ ನೆರಳು ಕೊನೆಗೆ ಏನಾಯಿತು ಎಂದು ತಿಳಿಯಲು ನಾನು ಕಾಲೇಜು ಸೇರುವವರೆಗೆ ಕಾಯಬೇಕಾಯಿತು.

ಶಾಲೆಬಿಟ್ಟಮೇಲೆ
ಆ ನೆರಳು ಹುಟ್ಟಿದ್ದೇ ಬಡತನದಿಂದ. ಆಪಲ್ 2 ಯಂತ್ರದಲ್ಲಿ ಇನ್ನೊಬ್ಬ ಶತ್ರುವಿನ ಚಿತ್ರಗಳಿಗೆ ಮೆಮೊರಿ ಉಳಿದಿರಲಿಲ್ಲ. ಆದ್ದರಿಂದ ರಾಜಕುಮಾರನ ಚಿತ್ರಗಳನ್ನೇ ಬಣ್ಣ ಬದಲಿಸಿ ಶತ್ರುವನ್ನಾಗಿ ಮಾಡಿದರು. ಕೊನೆಗೆ ಅವನೆದುರು ಕತ್ತಿ ಒರೆಗೆ ಹಾಕಿದರೆ ಮಾತ್ರ ಇಬ್ಬರೂ ಒಂದಾಗುತ್ತಾರೆ. ಹೊಡೆದರೆ ನಾವೇ ಸಾಯುತ್ತೇವೆ. ಮಾರಿಯೋದಲ್ಲಿಯೂ ಇಂಥದ್ದಿದೆ: ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಬೇರೆ ಅಷ್ಟೇ.

ಹಳೇಮೈಸೂರಿಗ
ಈಗ ಹೋಗಿ ನೋಡಿದೆ. ಹೌದು!! ಇಷ್ಟು ವರ್ಷ ಮೋಸ ಮಾಡಿದರಲ್ಲ.

ಕೆಪಾಸಿಟರ್
ಅಪ್ಪನಿಗೆ ಟಿವಿ ರಿಪೇರಿ ಅಂಗಡಿ ಇತ್ತು, ಆದ್ದರಿಂದ ಪಿಕ್ಚರ್ ಟ್ಯೂಬ್ ವಿಷಯಕ್ಕೆ ಎರಡು ಮಾತು. ಧಾರವಾಡಪೇಡೆಯವರ ತಂದೆ ಪೂರ್ತಿ ತಪ್ಪಲ್ಲ. ಅಂಕಗಳ ಪಟ್ಟಿಯಂಥ ಅಲುಗಾಡದ ಚಿತ್ರ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಒಳಗಿನ ಬೆಳಗುವ ಲೇಪ ಅಲ್ಲಿ ಬೇಗ ಸವೆದು ಅಚ್ಚು ಉಳಿಯುತ್ತದೆ. ಆಟದಂಗಡಿಯ ಯಂತ್ರಗಳಲ್ಲಿ ಅದನ್ನು ನೋಡಿದ್ದೇನೆ. ಆದರೆ ಭಾನುವಾರ ಎರಡು ಗಂಟೆ ಆಡಿದರೆ ಏನೂ ಆಗದು. ಟಿವಿ ಕೆಟ್ಟರೆ ಮಾತ್ರ ಕಾರಣ ಯಾವಾಗಲೂ ವಿಡಿಯೋ ಗೇಮೇ ಆಗಿರುತ್ತಿತ್ತು. ಮಿಂಚು ಹೊಡೆದು ಸುಟ್ಟ ಟಿವಿ ತಂದು "ಹುಡುಗರು ಗೇಮ್ ಹಾಕಿದ್ದರು" ಎನ್ನುತ್ತಿದ್ದವರಿದ್ದರು.

ಬಾತುಕೋಳಿಶತ್ರು
ಕೆಪಾಸಿಟರ್ ಅವರೇ, ನೀವು ಸಿಕ್ಕಿದ್ದು ಒಳ್ಳೆಯದಾಯಿತು. ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟದ ಬಂದೂಕನ್ನು ಉರಿಯುವ ಬಲ್ಬಿನ ಕಡೆ ಹಿಡಿದರೆ ಬಾತುಕೋಳಿ ತಾನೇ ಬೀಳುತ್ತದೆ ಎಂದು ನಮ್ಮ ಓಣಿಯಲ್ಲಿ ಹೇಳುತ್ತಿದ್ದರು. ನಿಜವೇ?

ಕೆಪಾಸಿಟರ್
ಆಗಬಾರದು. ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದು ಬೆಳಕನ್ನು ನೋಡುವ ಕಣ್ಣು ಮಾತ್ರ. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಆಮೇಲೆ ಬಾತುಕೋಳಿ ಇರುವಲ್ಲಿ ಬಿಳಿಯ ಚೌಕ ಮೂಡುತ್ತದೆ. ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಮಾತ್ರ ಗುರಿ ತಾಗಿದ ಲೆಕ್ಕ. ಬಲ್ಬಿನಲ್ಲಿ ಕತ್ತಲು ಎಲ್ಲಿಂದ ಬರಬೇಕು? ಈಗಿನ ತೆಳು ಟಿವಿಗಳಲ್ಲಿ ಆ ಬಂದೂಕು ನಡೆಯದಿರುವುದೂ ಇದಕ್ಕೇ. ಚಿತ್ರ ಸ್ವಲ್ಪ ತಡವಾಗಿ ಮೂಡುತ್ತದೆ, ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತದೆ.

ಮಂಡಿಪೇಟೆ
ನಮ್ಮ ಮನೆಯಲ್ಲಿ ಬಲ್ಬಿಗೆ ಬೀಳುತ್ತಿತ್ತು. ಕಣ್ಣಾರೆ ನೋಡಿದ್ದೇನೆ.

ಕೆಪಾಸಿಟರ್
ನಿಮ್ಮ ಮನೆಯಲ್ಲಿದ್ದದ್ದು ನಕಲಿಯ ನಕಲಿ. ಅದರೊಳಗೆ ಏನಿತ್ತೋ, ಅದನ್ನು ಮಾಡಿದವನಿಗೇ ಗೊತ್ತು.

ಸಾಗರದವಳು
ಬಾತುಕೋಳಿಶತ್ರು ಅವರಿಗೆ ಇನ್ನೊಂದು ಸುದ್ದಿ. ಒಂದೇ ಬಾತುಕೋಳಿ ಹಾರುವ ಆಟದಲ್ಲಿ ಇನ್ನೊಬ್ಬರು ರಿಮೋಟ್ ಒತ್ತಿದರೆ ಬಾತುಕೋಳಿಯನ್ನೇ ಬೇಕಾದ ಕಡೆ ತಿರುಗಿಸಬಹುದು. ನನ್ನ ತಮ್ಮ ಮಂಚದ ಮೇಲೆ ನಿಂತು ಗುರಿಯಿಡುವಾಗ ನಾನು ಹಿಂದೆ ಕುಳಿತು ಅದನ್ನೇ ಮಾಡುತ್ತಿದ್ದೆ. ಗುರಿ ತಪ್ಪಿ ಆಟದೊಳಗಿನ ನಾಯಿ ಎದ್ದು ನಗುವಾಗ ನಾನೂ ನಗುತ್ತಿದ್ದೆ. ತಮ್ಮನಿಗೆ ಇಂದಿಗೂ ತಿಳಿಸಿಲ್ಲ.

ಬಾತುಕೋಳಿಶತ್ರು
ಏನು!? ನಮ್ಮ ಮನೆಯಲ್ಲಿ ರಿಮೋಟ್ ಯಾವಾಗಲೂ ಅಣ್ಣನ ಕೈಯಲ್ಲಿರುತ್ತಿತ್ತು. ಈಗಲೇ ಫೋನ್ ಮಾಡುತ್ತೇನೆ.

ಹಳೇಮೈಸೂರಿಗ
ದಸರಾ ವಸ್ತುಪ್ರದರ್ಶನದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹಪ್ಪಳದ ಅಂಗಡಿ ದಾಟಿ, ದೊಡ್ಡ ತೊಟ್ಟಿಲು ದಾಟಿ ಹೋದರೆ ಕತ್ತಲೆ ಡೇರೆಯೊಳಗೆ ಸಾಲಾಗಿ ಆಟದ ಯಂತ್ರಗಳು. ಮುಸ್ತಫಾ! ಹಳದಿ ಟೊಪ್ಪಿ, ಹಾರಿ ಒದೆಯುವ ಒದೆ. ನಾಣ್ಯ ಹಾಕಿದವರಿಗಿಂತ ಹೆಗಲ ಮೇಲಿನಿಂದ ಇಣುಕುವವರೇ ಹೆಚ್ಚು. ನನ್ನದು ಇಣುಕುವ ಪಂಗಡ. ಆದರೂ ಅದು ನನ್ನ ಮೊದಲ ಆಟ ಎಂದೇ ಲೆಕ್ಕ, ಏಕೆಂದರೆ "ಹಿಂದೆ ನೋಡಣ್ಣ, ಹಿಂದೆ!" ಎಂದು ಕೂಗಿದ್ದೆಲ್ಲ ನಾನೇ.

ಶಾಲೆಬಿಟ್ಟಮೇಲೆ
ಆಟದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್, 1993. ಮುಸ್ತಫಾ ಅದರ ನಾಲ್ವರಲ್ಲಿ ಒಬ್ಬ ಮಾತ್ರ.

ಹಳೇಮೈಸೂರಿಗ
ಆಟದ ಹೆಸರು ಮುಸ್ತಫಾ. ಉಳಿದ ಮೂವರು ಬಂದುಹೋಗುವವರು.

ಪಬ್ಬುಜೀವಿ
ನನ್ನ ಮೊದಲ ಕ್ಲಾಸಿಕ್ ವೈಸ್ ಸಿಟಿ. ಸೈಬರ್ ಕೆಫೆಯಲ್ಲಿ 'ಪ್ಯಾಂಜರ್' ಎಂದು ಟೈಪ್ ಮಾಡಿದಾಗ ಆಕಾಶದಿಂದ ಟ್ಯಾಂಕ್ ಬಿದ್ದ ಕ್ಷಣ...

ರಾತ್ರಿಪಾಳಿ
2002ರ ಆಟ ಕ್ಲಾಸಿಕ್ ಯಾವಾಗಿನಿಂದ ಆಯಿತು? ಯಾರಾದರೂ ಈ ಮಗುವನ್ನು ಮನೆಗೆ ಬಿಟ್ಟು ಬನ್ನಿ.

ಪಬ್ಬುಜೀವಿ
ಕಾಂಟ್ರಾ ಮನೆಯ ಯಂತ್ರಕ್ಕೆ ಬಂದದ್ದು 1988ರಲ್ಲಿ. ನೀವು ಆಡಿದ್ದು ತೊಂಬತ್ತರ ದಶಕದ ನಡುವೆ. ಆಗ ಅದಕ್ಕೆ ಹತ್ತು ವರ್ಷವೂ ಆಗಿರಲಿಲ್ಲ. ವೈಸ್ ಸಿಟಿಗೆ ಈಗ ಇಪ್ಪತ್ತು ದಾಟಿದೆ. ಲೆಕ್ಕ ಹಾಕಿ, ತಾತ.

ರಾತ್ರಿಪಾಳಿ
ತಾತ!

ಮಂಡಿಪೇಟೆ
ಲೆಕ್ಕ ಸರಿಯಾಗಿದೆ. ಆದರೆ ಒಂದು ವ್ಯತ್ಯಾಸ ಇದೆ. ನಿಮಗೆ ಆ ಆಟ ಬರುವ ಮೊದಲೇ ಅದು ಹೇಗಿರುತ್ತದೆ ಎಂದು ಗೊತ್ತಿತ್ತು. ನಮಗೆ ಏನೂ ಗೊತ್ತಿರಲಿಲ್ಲ. ಅಮೆರಿಕದಲ್ಲಿ, ಜಪಾನಿನಲ್ಲಿ ಹಳತಾದದ್ದು ನಮ್ಮ ಓಣಿಗೆ ನಕಲಿ ಪೆಟ್ಟಿಗೆಯಲ್ಲಿ ಬಂದಾಗ ಅದು ಹೊಸದೇ. 9999 ಆಟ ಎಂದು ಮೇಲೆ ಬರೆದಿರುತ್ತಿತ್ತು, ನಾವು ನಂಬಿದ್ದೆವು. ಒಳಗೆ ಇದ್ದದ್ದು ಕೆಲವೇ ಆಟ, ಅವೇ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಸ್ಟೇಜಿನಿಂದ ಶುರುವಾಗುತ್ತಿದ್ದವು. ಆದರೂ ಮುಂದಿನ ಪುಟದಲ್ಲಿ ಏನಿದೆಯೋ ಎಂದು ಕೊನೆಯವರೆಗೂ ತಿರುಗಿಸಿ ನೋಡುತ್ತಿದ್ದೆವು.

ಪಬ್ಬುಜೀವಿ
ಸೈಬರ್ ಕೆಫೆಯಲ್ಲಿ ನಮಗೂ ಯಾರೂ ಮುಂಚೆ ಹೇಳಿರಲಿಲ್ಲ. ಒಪ್ಪುವುದಿಲ್ಲ.

ನಿರ್ವಾಹಕ
ವಯಸ್ಸಿನ ಜಗಳ ಸಾಕು. ತಾತ ಎನ್ನುವುದನ್ನು ಇಲ್ಲಿಗೆ ನಿಲ್ಲಿಸಿ. ಬೈನರಿ ಲ್ಯಾಂಡ್ ಉತ್ತರವನ್ನು ಮೊದಲ ಪೋಸ್ಟಿಗೆ ಸೇರಿಸಿದ್ದೇನೆ.

ತುಂಗಾತೀರ
ಧನ್ಯವಾದ. ಇನ್ನೊಂದು ವಿಷಯ. ಅಟ್ಟದ ಮೇಲೆ ನಮ್ಮದೇ ಒಂದು ಹಳೆಯ ಪೆಟ್ಟಿಗೆ ಇದೆ, ಆಮೇಲೆ ಕೊಂಡದ್ದು. ಕ್ಯಾಸೆಟ್ ಹಾಕಿದರೆ ಬೂದು ಪರದೆ ಮಾತ್ರ ಬರುತ್ತಿದೆ. ಎಷ್ಟು ಊದಿದರೂ ಇಲ್ಲ.

ಬೆಣ್ಣೆದೋಸೆ
ಜೋರಾಗಿ ಊದಿ. ಎಡದಿಂದ ಬಲಕ್ಕೆ. ಅಷ್ಟೇ ಗುಟ್ಟು.

ಕೆಪಾಸಿಟರ್
ದಯವಿಟ್ಟು ಊದಬೇಡಿ. ಊದಿದಾಗ ಸರಿಹೋದದ್ದು ಗಾಳಿಯಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಎಂಜಲಿನ ತೇವ ಕುಳಿತು ತಾಮ್ರದ ಹಲ್ಲುಗಳು ಇನ್ನಷ್ಟು ಕಿಲುಬು ಹಿಡಿಯುತ್ತವೆ. ಬೇಡ ಎಂದು ಅಸಲಿ ಯಂತ್ರ ಮಾಡಿದ ನಿಂಟೆಂಡೊ ಕಂಪನಿಯೇ ಹೇಳಿದೆ. ಔಷಧದಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಯ ಕಡ್ಡಿಗೆ ಹಚ್ಚಿ ಹಲ್ಲುಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕಪ್ಪು ಕಲೆ ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಟಿವಿಗೆ ಆಂಟೆನಾ ವೈರಿನಲ್ಲಿ ಸೇರಿಸುವ ಪೆಟ್ಟಿಗೆಯಾದರೆ ಚಾನೆಲ್ಲನ್ನು ಕೈಯಿಂದಲೇ ಹುಡುಕಬೇಕು.

ಅಡಾಪ್ಟರ್ ವಿಷಯದಲ್ಲಿ ಎಚ್ಚರ. ಮನೆಯಲ್ಲಿ ಬಿದ್ದಿರುವ ಯಾವುದೋ ಚಾರ್ಜರ್ ಚುಚ್ಚಬೇಡಿ. ಪೆಟ್ಟಿಗೆಯ ಕೆಳಗೆ ವೋಲ್ಟೇಜ್ ಮತ್ತು ಪ್ಲಸ್ ಮೈನಸ್ ಗುರುತು ಇರುತ್ತದೆ, ಎರಡೂ ಹೊಂದಬೇಕು.

ಮಂಡಿಪೇಟೆ
ನಮ್ಮ ಮನೆಯಲ್ಲಿ ಊದಿದರೇ ನಡೆಯುತ್ತಿತ್ತು.

ಕೆಪಾಸಿಟರ್
ನಿಮ್ಮ ಮನೆಗೆ ವಿಜ್ಞಾನ ಅನ್ವಯಿಸುವುದಿಲ್ಲ ಎಂದು ಆಗಲೇ ತೀರ್ಮಾನವಾಗಿದೆ.

ಬಾತುಕೋಳಿಶತ್ರು
ಅಣ್ಣನಿಗೆ ಫೋನ್ ಮಾಡಿದೆ. ಐದು ನಿಮಿಷ ನಕ್ಕ. ಒಪ್ಪಿಕೊಳ್ಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಧಾರವಾಡಪೇಡೆ
ಎಲ್ಲರೂ ಇಲ್ಲೇ ಇರುವಾಗ ನನ್ನದೂ ಒಂದು. ಮೇಲಿನಿಂದ ನೋಡುವ ಕಾರ್ ಆಟ, ರಸ್ತೆ ಕೆಳಕ್ಕೆ ಓಡುತ್ತಿರುತ್ತದೆ, ಬೇರೆ ಗಾಡಿ ತಗುಲಿದರೆ ಕಾರು ಅತ್ತಿತ್ತ ಹೊರಳಾಡುತ್ತದೆ, ಪೆಟ್ರೋಲ್ ಮುಗಿಯುತ್ತ ಬರುತ್ತದೆ. ಪಕ್ಕದ ಮನೆಯ ಕಿಟಕಿಯಿಂದ ನೋಡಿದ್ದು, ಹೆಸರು ಕೇಳಲು ಧೈರ್ಯವಾಗಿರಲಿಲ್ಲ.

ಬೆಣ್ಣೆದೋಸೆ
ಐಸ್ ಕ್ಲೈಂಬರ್.

ಗುಬ್ಬಚ್ಚಿ
ರೋಡ್ ಫೈಟರ್. ಕೊನಾಮಿ.